ಆಟದ ಅಂಗಡಿ, ಮಕ್ಕಳ ಲೆಕ್ಕ: ಹಟ್ಟಿಕೇರಿಯಿಂದ ಒಂದು ಪ್ರಸ್ತಾವ

ಅಂಕೋಲಾ ಮತ್ತು ಕಾರವಾರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವ ನಮ್ಮ ಸದಸ್ಯರಿಗೆಲ್ಲ ಹಟ್ಟಿಕೇರಿಯ ಟೋಲ್ ಗೇಟು ಪರಿಚಿತವೇ. ಅಲ್ಲಿಂದ ಒಳಕ್ಕೆ ಹೋಗುವ ಹಳ್ಳಿಯ ರಸ್ತೆಯೊಂದರಲ್ಲಿ ಹಲವು ವರ್ಷಗಳ ಹಿಂದೆ ನಾಲ್ಕೈದು ಮಕ್ಕಳು ಬಿದಿರ ಕೋಲನ್ನು ದಾರಿಗೆ ಅಡ್ಡ ಹಿಡಿದು ನನ್ನ ಸ್ಕೂಟರನ್ನು ತಡೆದಿದ್ದರು. "ಟೋಲ್ ಕೊಡಿ" ಎಂದರು. ಎಷ್ಟೆಂದು ಕೇಳಿದೆ. "ಹತ್ತು ರೂಪಾಯಿ" ಎಂದ ಒಬ್ಬ. ಐದು ರೂಪಾಯಿಯ ಒಂದು ನಾಣ್ಯ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, "ಇನ್ನೊಂದು ಇಂಥದೇ ಬೇಕು" ಎಂದ. ಕೊಟ್ಟ ಮೇಲೆ ಹಲಸಿನ ಎಲೆಯೊಂದನ್ನು ರಸೀದಿಯಾಗಿ ಹರಿದು ಕೈಗಿತ್ತು ಕೋಲನ್ನು ಮೇಲೆತ್ತಿದರು.

ಇತ್ತೀಚೆಗೆ ಅದೇ ರಸ್ತೆಯಲ್ಲಿ ಬೇರೆ ಮಕ್ಕಳು, ಅದೇ ಆಟ. ಈ ಸಲ ಪುಟ್ಟ ಹುಡುಗಿಯೊಬ್ಬಳು ಅಂಗೈಯನ್ನು ನನ್ನ ಗಾಡಿಯ ಮುಂದೆ ಹಿಡಿದು ಬಾಯಿಯಿಂದ "ಟೀಂ" ಎಂದು ಸದ್ದು ಮಾಡಿದಳು, ಕೋಲು ಮೇಲೆದ್ದಿತು. "ದುಡ್ಡು ಬೇಡವೇ ತಂಗಿ?" ಎಂದು ಕೇಳಿದೆ. "ಬೇಡ, ಸ್ಕ್ಯಾನ್ ಆಯ್ತು, ಹೋಗಿ" ಎಂದಳು.

ಆ ಮಗುವಿನ ತಪ್ಪೇನೂ ಇಲ್ಲ. ಮಕ್ಕಳ ಆಟವು ದೊಡ್ಡವರ ವ್ಯವಹಾರದ ಕನ್ನಡಿ. 2021ರ ಫೆಬ್ರುವರಿಯಿಂದ ಟೋಲ್ ನಾಕೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. 2016ರಲ್ಲಿ ಆರಂಭವಾದ ಯುಪಿಐ ಪಾವತಿಯು ಇಂದು ಮೀನು ಮಾರುವ ಬುಟ್ಟಿಯ ಪಕ್ಕದವರೆಗೂ ಬಂದು ನಿಂತಿದೆ. ವ್ಯಾಪಾರಿಗಳಾದ ನಾವು ಇದನ್ನು ಸ್ವಾಗತಿಸಿದ್ದೇವೆ. ಚಿಲ್ಲರೆಯ ತಾಪತ್ರಯ ತಪ್ಪಿದೆ, ದಿನದ ಲೆಕ್ಕ ಸುಲಭವಾಗಿದೆ. ಆದರೆ ಈ ಅನುಕೂಲದ ಜೊತೆಗೆ ನಮ್ಮ ಅಂಗಡಿಗಳಿಂದ ಸದ್ದಿಲ್ಲದೆ ಹೊರಟುಹೋದ ಒಂದು ಸಂಗತಿಯನ್ನು ನಾವು ಗಮನಿಸಿದಂತಿಲ್ಲ. ತಾಯಿಯ ಸೆರಗು ಹಿಡಿದು ಅಂಗಡಿಗೆ ಬರುತ್ತಿದ್ದ ಮಗುವಿನ ಕಣ್ಣ ಮುಂದೆ ನಾಣ್ಯಗಳನ್ನು ಎಣಿಸುವುದು, ನೋಟು ಮುರಿಸುವುದು, ತಕ್ಕಡಿಯ ಎರಡು ತಟ್ಟೆಗಳು ಏರಿಳಿಯುವುದು, "ಇದು ಹೆಚ್ಚಾಯಿತು, ಒಂದನ್ನು ತೆಗೆಯಿರಿ" ಎಂಬ ಮಾತು ಕೇಳಿಸುವುದು ನಿತ್ಯವೂ ನಡೆಯುತ್ತಿತ್ತು. ಅಂಗಡಿಯೇ ಗಣಿತದ ಮೊದಲ ಪಾಠಶಾಲೆಯಾಗಿತ್ತು. ಅದಕ್ಕೆ ನಾವು ಶುಲ್ಕ ಪಡೆಯುತ್ತಿರಲಿಲ್ಲ, ಅದನ್ನು ಪಾಠವೆಂದು ತಿಳಿದೂ ಇರಲಿಲ್ಲ. ಇಂದು ತಕ್ಕಡಿಯ ಜಾಗದಲ್ಲಿ ಅಂಕಿ ಮಿನುಗುವ ಯಂತ್ರವಿದೆ, ಗಲ್ಲಾಪೆಟ್ಟಿಗೆಯ ಜಾಗದಲ್ಲಿ ಹಣ ಬಂದಿತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯಿದೆ.

ನಮ್ಮಿಂದ ಮರೆಯಾದ ಈ ಪಾಠವನ್ನು ಆಟಿಕೆಯ ರೂಪದಲ್ಲಿ ಅಂಗನವಾಡಿಯ ಚಾಪೆಯ ಮೇಲೆ ಮರಳಿ ಇಡಬಹುದು, ಮತ್ತು ಹಾಗೆ ಮಾಡುವುದರಲ್ಲಿ ವಾಣಿಜ್ಯ ಸಮುದಾಯದ ಪಾತ್ರವಿದೆ ಎಂಬುದೇ ಈ ಲೇಖನದ ಪ್ರತಿಪಾದನೆ.

ಆಟಿಕೆಯ ಸೆಟ್ಟು ಕಲಿಸುವುದೇನು?

ಒಂಟಿ ಗೊಂಬೆಗೂ ಆಟಿಕೆಯ ಸೆಟ್ಟಿಗೂ ವ್ಯತ್ಯಾಸವಿದೆ. ಅಡುಗೆಮನೆ, ಕಿರಾಣಿ ಅಂಗಡಿ, ಬಸ್ ನಿಲ್ದಾಣ, ದನದ ಕೊಟ್ಟಿಗೆ, ಮೀನುಪೇಟೆ ಹೀಗೆ ಒಂದು ಜಗತ್ತನ್ನೇ ಚಿಕ್ಕದಾಗಿ ಮಾಡಿ ಮಗುವಿನ ಮುಂದಿಡುವುದು ಸೆಟ್ಟಿನ ಸ್ವಭಾವ. ಅದರಲ್ಲಿ ಹಲವು ವಸ್ತುಗಳಿರುತ್ತವೆ, ಅವುಗಳ ನಡುವೆ ಸಂಬಂಧವಿರುತ್ತದೆ. ಸಂಬಂಧವಿದ್ದಲ್ಲಿ ಮಾತು ಹುಟ್ಟುತ್ತದೆ. ಹಲವು ವಸ್ತುಗಳಿದ್ದಲ್ಲಿ ಎಣಿಕೆ ಹುಟ್ಟುತ್ತದೆ.

ನಮ್ಮ ಕರಾವಳಿಗೆ ಹೊಂದುವ ಮೀನುಪೇಟೆಯ ಸೆಟ್ಟನ್ನೇ ಊಹಿಸಿಕೊಳ್ಳೋಣ. ಮರದ ಇಪ್ಪತ್ತು ಮೀನುಗಳು. ಬಂಗಡೆ, ತಾರ್ಲೆ, ಇಸೋಣ, ಶೆಟ್ಲಿ ತಲಾ ಐದು. ನಾಲ್ಕು ಬುಟ್ಟಿ, ಒಂದು ತಕ್ಕಡಿ, ಕೊಳ್ಳುವವರು ಮತ್ತು ಮಾರುವವರೆಂದು ನಾಲ್ಕು ಗೊಂಬೆಗಳು. ಮಗು ಮೊದಲು ಜಾತಿವಾರು ಬೇರ್ಪಡಿಸುತ್ತದೆ, ಇದು ವರ್ಗೀಕರಣ. ಬುಟ್ಟಿಗೊಂದು ಮೀನು ಇಡುತ್ತದೆ. ಇದು ಒಂದಕ್ಕೊಂದು ಹೊಂದಿಸುವಿಕೆ. "ಐದು ಬಂಗಡೆ ಕೊಡು" ಎಂದಾಗ ಎಣಿಸಿ ಐದಕ್ಕೆ ನಿಲ್ಲಿಸುತ್ತದೆ. ಮೂರು ನಾಲ್ಕು ವರ್ಷದ ಮಗು ಒಂದರಿಂದ ಹತ್ತರವರೆಗೆ ಹಾಡಿನಂತೆ ಹೇಳಬಲ್ಲುದು. ಆದರೆ ಐದು ವಸ್ತು ಕೊಡೆಂದರೆ ಕೈಗೆ ಸಿಕ್ಕಷ್ಟು ತೆಗೆದುಕೊಡುವುದು ಸಾಮಾನ್ಯ. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಪ್ರಮಾಣ ಎಂಬ ತಿಳಿವಳಿಕೆ ಬರುವುದಕ್ಕೆ ಕಾಲ ಬೇಕು, ಬಳಕೆ ಬೇಕು. ಬಾಯಿಪಾಠಕ್ಕೂ ಲೆಕ್ಕಕ್ಕೂ ಇರುವ ಈ ಅಂತರವನ್ನು ಕಪ್ಪುಹಲಗೆಗಿಂತ ಇಂಥ ಬುಟ್ಟಿಯೇ ಬೇಗ ತುಂಬಿಸುತ್ತದೆ.

ಭಾಷೆಯ ಮಟ್ಟಿಗೂ ಹೀಗೆಯೇ. ಬುಟ್ಟಿಯ ಒಳಗೆ, ತಕ್ಕಡಿಯ ಮೇಲೆ, ಅಂಗಡಿಯ ಹಿಂದೆ, ಇದಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚಿಕ್ಕದು, ಇನ್ನೂ ಎರಡು, ಮಿಕ್ಕದ್ದು ಎಷ್ಟು: ಇವೆಲ್ಲ ಏಕಕಾಲಕ್ಕೆ ಭಾಷೆಯೂ ಹೌದು, ಗಣಿತವೂ ಹೌದು. ಕನ್ನಡಕ್ಕೆ ವಿಶಿಷ್ಟವಾದ ಒಂದು ಸಂಗತಿಯೂ ಇಲ್ಲಿ ಸಹಜವಾಗಿ ಅಭ್ಯಾಸವಾಗುತ್ತದೆ. ನಾವು ಮೂರು ಮೀನು ಎನ್ನುತ್ತೇವೆ, ಆದರೆ ಮೂವರು ಹೆಂಗಸರು ಎನ್ನುತ್ತೇವೆ. ಎರಡು ಬುಟ್ಟಿ, ಆದರೆ ಇಬ್ಬರು ಗಿರಾಕಿಗಳು. ಎಣಿಸುವುದು ವಸ್ತುವನ್ನೋ ಮನುಷ್ಯರನ್ನೋ ಎಂಬುದನ್ನು ನೋಡಿ ನಮ್ಮ ಸಂಖ್ಯಾವಾಚಕವೇ ರೂಪ ಬದಲಿಸುತ್ತದೆ. ಮೀನನ್ನೂ ಗೊಂಬೆಯನ್ನೂ ಒಟ್ಟಿಗೆ ಎಣಿಸುವ ಆಟದಲ್ಲಿ ಈ ನಿಯಮ ವ್ಯಾಕರಣದ ಹೆಸರಿಲ್ಲದೆ ಮಗುವಿನ ನಾಲಿಗೆಗೆ ಹತ್ತುತ್ತದೆ.

ಎರಡು ಭಾಷೆಗಳ ಮನೆಗಳು

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿನ ಅನೇಕ ಮಕ್ಕಳ ಮನೆಮಾತು ಕೊಂಕಣಿ. ಅಂಗನವಾಡಿಯ ಮತ್ತು ಶಾಲೆಯ ಮಾತು ಕನ್ನಡ. ಹಾಲಕ್ಕಿ ಒಕ್ಕಲಿಗರ ಕನ್ನಡವೂ ಪುಸ್ತಕದ ಕನ್ನಡದಿಂದ ಸಾಕಷ್ಟು ದೂರದಲ್ಲಿದೆ. ಮೂರು ವರ್ಷದ ಮಗು ಅಂಗನವಾಡಿಯ ಹೊಸ್ತಿಲು ದಾಟಿದೊಡನೆ ತನಗೆ ತಿಳಿದಿರುವ ವಸ್ತುಗಳಿಗೆಲ್ಲ ಬೇರೊಂದು ಹೆಸರಿದೆಯೆಂದು ಕಂಡು ಮೌನವಾಗುವುದುಂಟು. ಆ ಮೌನವನ್ನು ದಡ್ಡತನವೆಂದು ತಿಳಿಯುವ ತಪ್ಪನ್ನು ಹಿರಿಯರಾದ ನಾವು ಮಾಡುತ್ತೇವೆ.

ಸಂಖ್ಯೆಗಳ ವಿಷಯದಲ್ಲಿ ಈ ಭೇದ ಕೇವಲ ಹೆಸರಿನದಲ್ಲ. ಕನ್ನಡದಲ್ಲಿ ಇಪ್ಪತ್ತೆರಡು ಎಂದಾಗ ಇಪ್ಪತ್ತು ಮೊದಲು ಬರುತ್ತದೆ, ಎರಡು ಆಮೇಲೆ. ಬರೆಯುವ ಕ್ರಮವೂ ಅದೇ. ಕೊಂಕಣಿಯಲ್ಲಿ ಬಾವೀಸ್ ಎಂದಾಗ ಎರಡರ ಸೂಚನೆ ಮೊದಲು ಬರುತ್ತದೆ, ಇಪ್ಪತ್ತು ನಂತರ. ಹತ್ತರ ಕಟ್ಟುಗಳೂ ಬಿಡಿ ಕಡ್ಡಿಗಳೂ ಕಣ್ಣ ಮುಂದಿದ್ದರೆ ಎರಡು ಭಾಷೆಗಳ ಹೆಸರೂ ಒಂದೇ ರಾಶಿಗೆ ಸೇರಿದ್ದೆಂದು ಮಗು ತಾನೇ ಕಾಣುತ್ತದೆ. ವಸ್ತುವಿಲ್ಲದೆ ಬರಿಯ ಹೆಸರುಗಳನ್ನು ಹೇಳಿಕೊಟ್ಟರೆ ಎರಡು ಬಾಯಿಪಾಠಗಳು ಮಾತ್ರ ಉಳಿಯುತ್ತವೆ. ಆಟಿಕೆಯ ಮೀನು ಬಂಗಡೆಯೂ ಆಗಬಲ್ಲುದು, ಬಾಂಗ್ಡೊ ಕೂಡ ಆಗಬಲ್ಲುದು. ಆಟದಲ್ಲಿ ಎರಡಕ್ಕೂ ಜಾಗವಿದೆ. ಅದಕ್ಕೇ ಗಡಿಯ ಜಿಲ್ಲೆಗಳಲ್ಲಿ ಆಟಿಕೆಯ ಸೆಟ್ಟಿನ ಉಪಯೋಗ ಬೇರೆಡೆಗಿಂತ ಹೆಚ್ಚು ಎಂದು ನನ್ನ ಭಾವನೆ.

ಕಪಾಟಿನೊಳಗಿನ ಕಿಟ್

"ಸರ್ಕಾರವೇ ಆಟಿಕೆ ಕೊಡುತ್ತದಲ್ಲ?" ಎಂಬ ಪ್ರಶ್ನೆ ಸಹಜ. ಕೊಡುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಐವತ್ತು ವರ್ಷ ದಾಟಿರುವ ಈ ಯೋಜನೆಯಡಿ ರಾಜ್ಯದಲ್ಲಿಂದು ಅರವತ್ತೈದು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಶಾಲಾಪೂರ್ವ ಶಿಕ್ಷಣದ ಕಿಟ್ ಯೋಜನೆಯ ಭಾಗವೇ ಆಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಗುರುತಿಸಿತು. 2022ರ ಅಕ್ಟೋಬರಿನಲ್ಲಿ ಆ ಹಂತದ ಪಠ್ಯಕ್ರಮ ಚೌಕಟ್ಟು ಬಂದಿತು. 2023ರ ಫೆಬ್ರುವರಿಯಲ್ಲಿ ಆಟಿಕೆ, ಒಗಟು, ಬೊಂಬೆ, ಚಿತ್ರಪಟಗಳ 'ಜಾದುಯಿ ಪಿಟಾರಾ' ಪೆಟ್ಟಿಗೆ ಬಿಡುಗಡೆಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಗನವಾಡಿಗಳಿಗಾಗಿ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ ಆರಂಭವಾಯಿತು. ನೀತಿಯಲ್ಲಿ ಕೊರತೆಯಿಲ್ಲ.

ಕೊರತೆ ಎಲ್ಲಿದೆಯೆಂಬುದು ನನಗೆ ತಿಳಿದದ್ದು ನಮ್ಮ ಭಾಗದ ಒಂದು ಅಂಗನವಾಡಿಗೆ ಹೋದಾಗ. ಆಟಿಕೆಗಳು ಕಪಾಟಿನಲ್ಲಿದ್ದವು, ಕಪಾಟಿಗೆ ಬೀಗವಿತ್ತು. ಕಾರ್ಯಕರ್ತೆಯನ್ನು ಮಕ್ಕಳೂ ಊರವರೂ ಕರೆಯುವುದು 'ಅಕ್ಕೋರು' ಎಂದು. ಅವರು ಸಂಕೋಚದಿಂದಲೇ ಹೇಳಿದರು: "ಒಂದು ತುಂಡು ಕಳೆದರೂ ನಾನೇ ಉತ್ತರ ಕೊಡಬೇಕಲ್ಲ ಸರ್. ದಾಸ್ತಾನು ಪುಸ್ತಕದಲ್ಲಿ ಬರೆದಿದೆ." ಅವರ ಮೇಜಿನ ಮೇಲೆ ವಹಿಗಳ ರಾಶಿಯಿತ್ತು, ಕೈಯಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕಾದ ಫೋನು. ಮಕ್ಕಳ ತೂಕ, ಗರ್ಭಿಣಿಯರ ನೋಂದಣಿ, ಅಡುಗೆ, ಮೊಟ್ಟೆಯ ಲೆಕ್ಕ ಎಲ್ಲವೂ ಅವರದೇ. ಕಳೆದರೆ ದಂಡ, ಬೀಗ ಹಾಕಿದರೆ ಕ್ಷೇಮ ಎಂಬ ಸ್ಥಿತಿಯಲ್ಲಿ ಯಾವ ವಿವೇಕಿಯೂ ಬೀಗವನ್ನೇ ಹಾಕುತ್ತಾನೆ. ನಮ್ಮ ಗೋದಾಮಿನಲ್ಲಿ ನಾವೂ ಹಾಗೆಯೇ ಮಾಡುತ್ತೇವೆ.

ಅಲ್ಲಿ ನನ್ನದೇ ಒಂದು ತಪ್ಪೂ ನನ್ನನ್ನು ಎದುರುಗೊಂಡಿತು. ಕೆಲವು ವರ್ಷಗಳ ಹಿಂದೆ ಮಗಳ ಮದುವೆಯ ಸಂದರ್ಭದಲ್ಲಿ ಅದೇ ಅಂಗನವಾಡಿಗೆ ನಾನು ಬ್ಯಾಟರಿಯ ಆಟಿಕೆಗಳನ್ನು ಕೊಟ್ಟಿದ್ದೆ. ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಬಣ್ಣ, ಪ್ರಾಣಿ, ಅಂಕಿಗಳ ಹೆಸರು ಹೇಳುವ ಫಲಕಗಳು ಅವು. ಫೋಟೊ ತೆಗೆಸಿಕೊಂಡೆವು. ಸೆಲ್ಲು ತೀರಿದ ಮೇಲೆ ಯಾರೂ ಹೊಸದನ್ನು ಹಾಕಲಿಲ್ಲ. ಹಾಕಬೇಕೆಂದು ನನಗೂ ಹೊಳೆಯಲಿಲ್ಲ. ಕಪಾಟಿನ ಕೆಳಗಿನ ಹಲಗೆಯ ಮೇಲೆ ಅವು ಧೂಳು ಹಿಡಿದು ಬಿದ್ದಿದ್ದವು. ಅಷ್ಟರಲ್ಲಿ ಮಕ್ಕಳು ಹೊರಗೆ ತೆಂಗಿನ ಗರಟೆಯಲ್ಲಿ ಮರಳು ತುಂಬಿ ಇಡ್ಲಿ ಮಾರುತ್ತಿದ್ದರು. ಎಷ್ಟು ಇಡ್ಲಿ, ಯಾರಿಗೆ ಎರಡು, ಯಾರಿಗೆ ಸಾಲದು ಎಂಬ ಜಗಳ ಜೋರಾಗಿ ನಡೆದಿತ್ತು. ನಾನು ಕೊಟ್ಟ ದುಬಾರಿ ವಸ್ತು ಮಾಡಲಾಗದ ಕೆಲಸವನ್ನು ಗರಟೆ ಮಾಡುತ್ತಿತ್ತು.

ಅಧ್ಯಯನಗಳು ಹೇಳುವುದೇನು?

ನನ್ನ ಅನುಭವ ಒಂಟಿಯಲ್ಲ. ಅಮೆರಿಕದ ಅರಿಜೋನಾದಲ್ಲಿ ಆನಾ ಸೋಸಾ ಎಂಬ ಸಂಶೋಧಕಿ 26 ಶಿಶುಗಳ ಮನೆಗಳಲ್ಲಿ ತಂದೆತಾಯಿಯರೊಡನೆ ನಡೆಯುವ ಆಟದ ಮಾತನ್ನು ದಾಖಲಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಸದ್ದು ಮಾಡುವ, ಬೆಳಕು ಚೆಲ್ಲುವ ವಿದ್ಯುನ್ಮಾನ ಆಟಿಕೆಗಳಿದ್ದಾಗ ದೊಡ್ಡವರ ಮಾತೂ ಕಡಿಮೆ, ಮಗುವಿನ ದನಿಯೂ ಕಡಿಮೆ. ಸಾಂಪ್ರದಾಯಿಕ ಆಟಿಕೆಗಳಿದ್ದಾಗ ಮಾತು ಅದಕ್ಕಿಂತ ಹೆಚ್ಚು. ಚಿತ್ರಪುಸ್ತಕವಿದ್ದಾಗ ಇನ್ನೂ ಹೆಚ್ಚು. ಆಟಿಕೆಯೇ ಮಾತನಾಡಿದರೆ ಮನುಷ್ಯರು ಸುಮ್ಮನಾಗುತ್ತಾರೆ.

ಲೆಕ್ಕದ ವಿಷಯದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅವರ 2008ರ ಅಧ್ಯಯನ ಉಲ್ಲೇಖನೀಯ. ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ಮನೆಗಳು ಸಾಲಾಗಿರುವ ಆಟದ ಪಟವನ್ನು ಕೊಡಲಾಯಿತು. ಎರಡು ವಾರಗಳಲ್ಲಿ ನಾಲ್ಕೇ ಸಲ, ಪ್ರತಿ ಸಲ ಕಾಲು ಗಂಟೆ. ಎಣಿಕೆ, ಅಂಕಿ ಗುರುತಿಸುವಿಕೆ, ಯಾವುದು ದೊಡ್ಡದೆಂಬ ಅರಿವು ಉತ್ತಮಗೊಂಡವು. ಒಂಬತ್ತು ವಾರಗಳ ನಂತರವೂ ಆ ಲಾಭ ಉಳಿದಿತ್ತು. ಅಂಕಿಯಿಲ್ಲದೆ ಬರಿಯ ಬಣ್ಣಗಳ ಪಟದಲ್ಲಿ ಆಡಿದ ಮಕ್ಕಳಿಗೆ ಆ ಲಾಭವಾಗಲಿಲ್ಲ. ನಮ್ಮ ಚೌಕಾಬಾರ, ಅಳಗುಳಿ ಮಣೆಗಳ ಮುಂದೆ ಕುಳಿತು ಬೆಳೆದವರಿಗೆ ಇದು ಅಚ್ಚರಿಯೇನಲ್ಲ; ಹಾಸಿನ ಮೇಲೆ ಅಂಕಿಯನ್ನೂ ಬರೆದಿಡಬೇಕು ಎಂಬ ಸೂಕ್ಷ್ಮ ಮಾತ್ರ ಹೊಸದು.

ಮೂರನೆಯ ಅಧ್ಯಯನ ನಮ್ಮ ದೇಶದ್ದೇ, ಮತ್ತು ಉತ್ಸಾಹಿಗಳಿಗೆ ಎಚ್ಚರಿಕೆಯಂತಿದೆ. ದೆಹಲಿಯಲ್ಲಿ ಪ್ರಥಮ್ ಸಂಸ್ಥೆಯ ಬಾಲವಾಡಿಗಳ 1,540 ಮಕ್ಕಳೊಂದಿಗೆ ನಡೆದ ಪ್ರಯೋಗದ ಫಲಿತಾಂಶವನ್ನು ಮೊಯಿರಾ ಡಿಲನ್, ಹರಿಣಿ ಕಣ್ಣನ್, ಎಲಿಜಬೆತ್ ಸ್ಪೆಲ್ಕೆ, ಮುಂದೆ 2019ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಎಸ್ತರ್ ಡಫ್ಲೊ ಮತ್ತಿತರರು 2017ರಲ್ಲಿ ಪ್ರಕಟಿಸಿದರು. ನಾಲ್ಕು ತಿಂಗಳು ಗಣಿತದ ಆಟಗಳನ್ನು ಆಡಿದ ಮಕ್ಕಳಲ್ಲಿ ಪ್ರಮಾಣ ಮತ್ತು ಆಕಾರಗಳ ಸಹಜ ಅರಿವು ಹೆಚ್ಚಿತು, ವರ್ಷ ಕಳೆದರೂ ಉಳಿಯಿತು. ಆದರೆ ಒಂದನೆಯ ತರಗತಿಯ ಶಾಲಾಗಣಿತದಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. ಆಟದ ಅರಿವು ಶಾಲೆಯ ಶಬ್ದ ಮತ್ತು ಚಿಹ್ನೆಗಳಿಗೆ ತಾನಾಗಿಯೇ ದಾಟುವುದಿಲ್ಲ. ದಾಟಿಸಲು ಸೇತುವೆ ಬೇಕು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಬೇಕಾದ ಸೂತ್ರ ದೊರೆಯುತ್ತದೆ. ಆಟಿಕೆ ಮೌನವಾಗಿರಬೇಕು, ಅದರ ಪಕ್ಕದಲ್ಲಿ ಮಾತನಾಡುವ ಹಿರಿಯರಿರಬೇಕು, ಎಣಿಕೆಯ ಜೊತೆಗೆ ಅಂಕಿಯ ಚಿಹ್ನೆಯೂ ಶಾಲೆಯ ಪದವೂ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ನಾವು ಕೊಟ್ಟದ್ದು ಬರಿಯ ವಸ್ತುವಾಗುತ್ತದೆ.

ಇದು ಹಳೆಯ ಮಾತೇ. ಫ್ರೋಬೆಲ್ 1837ರಲ್ಲಿ ಜರ್ಮನಿಯಲ್ಲಿ ಉಣ್ಣೆಯ ಚೆಂಡು, ಮರದ ಗೋಲ, ಘನಗಳನ್ನು ಮಕ್ಕಳ ಕೈಗಿತ್ತರು. 1939ರಲ್ಲಿ ಭಾರತಕ್ಕೆ ಬಂದ ಮಾರಿಯಾ ಮಾಂಟೆಸರಿ ಯುದ್ಧಕಾಲವನ್ನು ಇಲ್ಲೇ ಕಳೆದು ನೂರಾರು ಶಿಕ್ಷಕರನ್ನು ತಯಾರುಮಾಡಿದರು. ಆ ಉಪಕರಣಗಳು ಹಳ್ಳಿಗೆ ದುಬಾರಿಯೆಂದು ಕಂಡ ತಾರಾಬಾಯಿ ಮೋಡಕ್, ಅರಬ್ಬೀ ಸಮುದ್ರದ ದಂಡೆಯ ಬೋರ್ಡಿಯಲ್ಲಿ 1945ರಲ್ಲಿ ಗ್ರಾಮೀಣ ಶಿಶುಶಿಕ್ಷಣ ಆರಂಭಿಸಿ, ಚಿಪ್ಪು, ಬೀಜ, ಕಲ್ಲುಗಳಿಂದಲೇ ಅದೇ ತತ್ತ್ವವನ್ನು ನಡೆಸಿ ತೋರಿಸಿದರು. ಅಂಗಳದಲ್ಲೇ ಶಾಲೆ ನಡೆಸುವ ಅವರ ಆ ಪ್ರಯೋಗದಿಂದಲೇ 'ಅಂಗನವಾಡಿ' ಎಂಬ ಹೆಸರು ಬಂದದ್ದು. ಬೋರ್ಡಿಯ ಮರಳಿಗೂ ನಮ್ಮ ಬೆಲೇಕೇರಿಯ ಮರಳಿಗೂ ಹೆಚ್ಚಿನ ಅಂತರವಿಲ್ಲ.

ಮಾರುಕಟ್ಟೆ ಮತ್ತು ಕಾನೂನು

ಸದಸ್ಯರಿಗೆ ಉಪಯುಕ್ತವಾದ ಕೆಲವು ವ್ಯಾವಹಾರಿಕ ಸಂಗತಿಗಳು ಇಲ್ಲಿ ಅವಶ್ಯ. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ತಯಾರಕನಿಗಷ್ಟೇ ಅಲ್ಲ, ಗುರುತಿಲ್ಲದ ಮಾಲನ್ನು ಮಾರುವ ಚಿಲ್ಲರೆ ವ್ಯಾಪಾರಿಗೂ ಇದು ಅನ್ವಯಿಸುತ್ತದೆ. ಬಂಡಿಹಬ್ಬದ ಪೇಟೆಗೆಂದು ಚೀಲಗಟ್ಟಲೆ ಅಗ್ಗದ ಮಾಲು ತರಿಸುವ ನಮ್ಮವರು ಇದನ್ನು ಮರೆಯಬಾರದು. ಕರಕುಶಲ ವಸ್ತುಗಳ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ವಿನಾಯಿತಿಯಿದೆ. 2025ರ ಸೆಪ್ಟೆಂಬರ್ 22ರಿಂದ ವಿದ್ಯುನ್ಮಾನವಲ್ಲದ ಆಟಿಕೆಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅಂದರೆ ಮಗುವಿನ ಮಾತಿಗೆ ಒಳ್ಳೆಯದಾದ ಮೌನ ಆಟಿಕೆಗೇ ತೆರಿಗೆಯೂ ಕಡಿಮೆ.

ಚನ್ನಪಟ್ಟಣದ ಆಟಿಕೆ ಭೌಗೋಳಿಕ ಸೂಚಿಕೆ ಪಡೆದು ಎರಡು ದಶಕಗಳಾದವು. ಹಾಲೆಮರದ ಹಗುರ ಕಟ್ಟಿಗೆಯನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹತ್ತಿಸುವ ಆ ಕಸುಬಿನಲ್ಲಿ ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲದ ಸಸ್ಯಜನ್ಯ ಬಣ್ಣಗಳ ಬಳಕೆಯಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗೂ ಸೂಚಿಕೆಯ ಮಾನ್ಯತೆಯಿದೆ; ಅದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕೈಗಾರಿಕಾ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ನಮ್ಮ ಜಿಲ್ಲೆಯಲ್ಲಿಯೋ, ಶಿರಸಿ, ಕುಮಟಾ, ಹೊನ್ನಾವರದ ಕಡೆ ಗುಡಿಗಾರರ ಕೆತ್ತನೆಯ ಪರಂಪರೆಯಿದೆ, ಊರೂರಿಗೆ ಆಚಾರಿಗಳಿದ್ದಾರೆ, ಮರದ ಮಿಲ್ಲುಗಳಲ್ಲಿ ತುಂಡುಗಳು ಸೌದೆಯಾಗುತ್ತಿವೆ. ದೇವರ ಮೂರ್ತಿ ಕೆತ್ತುವ ಕೈಗೆ ಬಂಗಡೆಯ ಆಕಾರ ತೆಗೆಯುವುದು ಕಷ್ಟವಲ್ಲ. ಆದರೆ ಮಾರಾಟದ ಮಟ್ಟಕ್ಕೆ ಹೋಗುವುದಾದರೆ ಕುಶಲಕರ್ಮಿಯ ನೋಂದಣಿ ಮೊದಲಾಗಬೇಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಹುದಾದ ಯಾವ ತುಂಡೂ ಗಂಟಲಿಗೆ ಇಳಿಯುವಷ್ಟು ಚಿಕ್ಕದಿರಬಾರದು. ಪರೀಕ್ಷೆಯ ಕೊಳವೆಯ ವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಕೂರುವ ತುಂಡು ಅಪಾಯಕಾರಿ. ಅಂಗನವಾಡಿಗೆ ಅಕ್ಕನ ಜೊತೆಗೆ ತಮ್ಮನೂ ಬರುತ್ತಾನೆಂಬುದನ್ನು ನೆನಪಿಡಬೇಕು.

ಎರಡು ಆಕ್ಷೇಪಗಳು

ಈ ವಿಚಾರವನ್ನು ಕೆಲವು ಮಿತ್ರರ ಮುಂದಿಟ್ಟಾಗ ಬಂದ ಮೊದಲ ಆಕ್ಷೇಪ: "ಅಂಗನವಾಡಿ ನಡೆಸುವುದು ಸರ್ಕಾರದ ಕೆಲಸ, ನಮ್ಮದೇಕೆ?" ನಿಜ, ಸರ್ಕಾರದ್ದೇ. 2013ರ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಶೇ. 2ರ ನಿಯಮವೂ ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ತಾಗುವುದಿಲ್ಲ. ಆದರೆ ಹದಿನೈದು ವರ್ಷಗಳ ನಂತರ ನಮ್ಮ ಅಂಗಡಿಗೆ, ವರ್ಕ್‌ಶಾಪಿಗೆ, ಲಾರಿ ಆಫೀಸಿಗೆ ಕೆಲಸಕ್ಕೆ ಬರುವವರು ಈ ಮಕ್ಕಳೇ. ಕ್ಯಾಲ್ಕುಲೇಟರಿನಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೆ ಅದು ತಪ್ಪೆಂದು ಕೂಡಲೇ ಅನಿಸಬೇಕಲ್ಲ, ಆ ಅಂದಾಜಿನ ಬುದ್ಧಿ ಹುಡುಗರಲ್ಲಿಲ್ಲ ಎಂದು ಕೊರಗದ ಮಾಲೀಕರು ನಮ್ಮಲ್ಲಿ ವಿರಳ. ಆ ಬುದ್ಧಿಯ ಬೇರು ತೀರಾ ಚಿಕ್ಕ ವಯಸ್ಸಿನಲ್ಲಿದೆ. ಕೊರಗಿಗಿಂತ ಬೇರಿಗೆ ನೀರು ಹಾಕುವುದು ಅಗ್ಗ.

ಎರಡನೆಯ ಆಕ್ಷೇಪ ತಂದೆತಾಯಿಯರದು: "ಆಡಲು ಮನೆಯೇ ಸಾಕು, ಶಾಲೆಯಲ್ಲಿ ಬರೆಸಲಿ." ಹೆದ್ದಾರಿಯ ಬದಿಯ ಹಳ್ಳಿಗಳಿಂದಲೂ ಮೂರು ವರ್ಷದ ಮಕ್ಕಳನ್ನು ಹೊತ್ತ ವ್ಯಾನುಗಳು ಪೇಟೆಯ ಎಲ್‌ಕೆಜಿಗೆ ಹೊರಡುತ್ತಿವೆ. ಅಲ್ಲಿ ನೋಟ್‌ಬುಕ್ಕು ತುಂಬುತ್ತದೆ. ಅಂಗನವಾಡಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಬರಿಗೈಯಲ್ಲಿ ಬರುವ ಮಗುವನ್ನು ಕಂಡು ತಾಯಿ ಚಿಂತಿಸುವುದು ಸಹಜ. ಈ ಚಿಂತೆಗೆ ಉಪದೇಶ ಉತ್ತರವಲ್ಲ. ತಿಂಗಳಿಗೊಮ್ಮೆ ತಾಯಂದಿರನ್ನೇ ಕರೆದು ಆಟದ ಅಂಗಡಿಗೆ ಗಿರಾಕಿಗಳನ್ನಾಗಿ ಕೂರಿಸಬೇಕು. "ಮೂರು ಬಂಗಡೆ, ಎರಡು ಶೆಟ್ಲಿ, ಒಟ್ಟು ಎಷ್ಟು?" ಎಂದು ಕೇಳಿ ತಮ್ಮ ಮಗುವಿನಿಂದಲೇ ಉತ್ತರ ಪಡೆದ ತಾಯಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ಪ್ರಸ್ತಾವ

ಆದ್ದರಿಂದ ನಮ್ಮ ಸಂಸ್ಥೆಯ ಮುಂದೆ ಒಂದು ಮಿತವಾದ ಪ್ರಸ್ತಾವವನ್ನು ಇಡಬಯಸುತ್ತೇನೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಒಪ್ಪಿಗೆ ಪಡೆದು, ಹಟ್ಟಿಕೇರಿ ಮತ್ತು ಸುತ್ತಲಿನ ಕೆಲವೇ ಅಂಗನವಾಡಿಗಳಲ್ಲಿ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ 'ಆಟದ ಅಂಗಡಿ' ನಡೆಸೋಣ.

ಸೆಟ್ಟಿನಲ್ಲಿ ಮೇಲೆ ಹೇಳಿದ ಮೀನು, ಬುಟ್ಟಿ, ಗೊಂಬೆಗಳ ಜೊತೆಗೆ ಎರಡು ತಟ್ಟೆಯ ನಿಜವಾದ ತಕ್ಕಡಿ, ಸೊನ್ನೆಯಿಂದ ಹತ್ತರವರೆಗಿನ ದೊಡ್ಡ ಅಂಕಿಪಟ್ಟಿಗಳು, ರಟ್ಟಿನ ನಾಣ್ಯ ನೋಟುಗಳು, ಹತ್ತರ ಕಟ್ಟಿನ ಕಡ್ಡಿಗಳು, ಒಂದರಿಂದ ಹತ್ತರವರೆಗೆ ಮನೆಗಳಿರುವ ಬಟ್ಟೆಯ ಹಾಸು ಮತ್ತು ಹಟ್ಟಿಕೇರಿಯ ಮಕ್ಕಳಿಗೆ ಸಲ್ಲಬೇಕಾದ ಒಂದು ಟೋಲ್ ಗೇಟು ಇರಲಿ. ಬ್ಯಾಟರಿ ಬೇಡ. ದಾನಿಯ ಹೆಸರನ್ನು ಆಟಿಕೆಯ ಮೇಲೆ ಬರೆಸುವುದೂ ಬೇಡ. ಆ ಜಾಗದಲ್ಲಿ ಕನ್ನಡದ ಪದವೊಂದು ಇರಲಿ.

ಎಲ್ಲಕ್ಕಿಂತ ಮುಖ್ಯವಾದ ನಿಬಂಧನೆ ಕಳೆಯುವ ತುಂಡುಗಳದು. ಸೆಟ್ಟಿನ ಮಾಲೀಕತ್ವ ಸಂಸ್ಥೆಯಲ್ಲೇ ಉಳಿದು, ಅದು ಅಂಗನವಾಡಿಯ ದಾಸ್ತಾನು ಪುಸ್ತಕಕ್ಕೆ ಸೇರದಿರುವಂತೆ ಇಲಾಖೆಯೊಡನೆ ಲಿಖಿತ ಒಪ್ಪಂದವಾಗಬೇಕು. ಕಳೆದದ್ದಕ್ಕೂ ಮುರಿದದ್ದಕ್ಕೂ ಅಕ್ಕೋರನ್ನು ಯಾರೂ ಪ್ರಶ್ನಿಸುವಂತಿರಬಾರದು. ಪ್ರತಿ ತಿಂಗಳು ನಮ್ಮಲ್ಲೊಬ್ಬರು ಹೋಗಿ ಕೊರತೆ ತುಂಬಿಸಬೇಕು. ಸವಕಳಿಯನ್ನು ಖರ್ಚೆಂದು ಬರೆಯುವುದು ವ್ಯಾಪಾರಿಗಳಾದ ನಮಗೆ ಗೊತ್ತಿರುವ ವಿದ್ಯೆ. ಸರ್ಕಾರದ ವಹಿಗೆ ಅದು ಕಷ್ಟ. ನಾವು ನಿಜವಾಗಿ ಕೊಡಬಹುದಾದದ್ದು ಈ ಅಭಯವನ್ನು. ಮರದ ಮೀನು ಅದಕ್ಕೊಂದು ನೆಪ. ತಿಂಗಳ ಕೊನೆಗೆ ಒಂದು ತುಂಡೂ ಸವೆಯದೆ, ಕಳೆಯದೆ ಉಳಿದಿದ್ದರೆ ಆ ಸೆಟ್ಟು ಕಪಾಟಿನಲ್ಲೇ ಇತ್ತೆಂದು ತಿಳಿಯಬೇಕು.

ಫಲಿತಾಂಶದ ಲೆಕ್ಕವೂ ಇರಲಿ. ವರ್ಷದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಪ್ರತಿ ಮಗುವಿಗೂ ಒಂದೇ ಸರಳ ಕೋರಿಕೆ: "ಮೂರು ಕೊಡು, ಐದು ಕೊಡು, ಎಂಟು ಕೊಡು." ಜೊತೆಗೆ ಅಂಕಿಪಟ್ಟಿ ತೋರಿಸಿ ಓದಿಸುವುದು, ಒಂದು ಚಿತ್ರ ಕೊಟ್ಟು ಕಂಡದ್ದನ್ನು ಹೇಳಿಸುವುದು. ಸೆಟ್ಟು ಕೊಡದ ಕೆಲವು ಅಂಗನವಾಡಿಗಳಲ್ಲೂ ಇದನ್ನೇ ಮಾಡಿ ಹೋಲಿಸಬೇಕು. ಸ್ಥಳೀಯ ಕಾಲೇಜಿನ ಅಧ್ಯಾಪಕರು ಇದಕ್ಕೆ ನೆರವಾಗಬಲ್ಲರು. ವ್ಯತ್ಯಾಸ ಕಾಣದಿದ್ದರೆ ಅದನ್ನೂ ಇದೇ ಪತ್ರಿಕೆಯಲ್ಲಿ ಪ್ರಕಟಿಸಿ ಯೋಜನೆ ನಿಲ್ಲಿಸೋಣ; ನಷ್ಟದ ವ್ಯಾಪಾರವನ್ನು ಅಭಿಮಾನಕ್ಕಾಗಿ ಮುಂದುವರಿಸುವುದು ನಮ್ಮ ಪದ್ಧತಿಯಲ್ಲ. ಕಂಡರೆ, ಜಿಲ್ಲೆಯ ಬೇರೆ ತಾಲೂಕುಗಳಿಗೆ ಸೆಟ್ಟು ತಯಾರಿಸುವ ಕೆಲಸ ನಮ್ಮ ಆಚಾರಿಗಳಿಗೂ ಗುಡಿಗಾರರಿಗೂ ಸಿಗುವಂತಾಗಲಿ.

ಇದರಿಂದ ಹಟ್ಟಿಕೇರಿಯ ಮಕ್ಕಳೆಲ್ಲ ಗಣಿತಜ್ಞರಾಗುವರೆಂದು ನಾನು ಹೇಳುವುದಿಲ್ಲ. ಅಂಗೈ ತೋರಿಸಿ "ಟೀಂ" ಎಂದ ಆ ಹುಡುಗಿಗೆ, ಆ ಸದ್ದಿನ ಹಿಂದೆ ಎಣಿಸಬಹುದಾದ ಹಣವಿದೆ, ಅದು ಒಬ್ಬರಲ್ಲಿ ಕಡಿಮೆಯಾಗಿ ಇನ್ನೊಬ್ಬರಲ್ಲಿ ಹೆಚ್ಚಾಗುತ್ತದೆ ಎಂಬುದು ತಿಳಿದರೆ ಸಾಕು. ಅದನ್ನು ಅವಳಿಗೆ ತೋರಿಸುವ ಅವಕಾಶ ನಮ್ಮ ಅಂಗಡಿಗಳ ಕೈತಪ್ಪಿದೆ. ಅವಳ ಅಂಗನವಾಡಿಯಲ್ಲಿ ಇನ್ನೂ ಇದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ವಿಷಯಪಟ್ಟಿಗೆ ಈ ಪ್ರಸ್ತಾವವನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ. ಮೊದಲ ಸೆಟ್ಟಿನ ವೆಚ್ಚ ನನ್ನದಿರಲಿ. ಬ್ಯಾಟರಿಯ ಆಟಿಕೆಗಳ ಆ ಹಳೆಯ ಬಾಕಿ ನನ್ನ ಲೆಕ್ಕದಲ್ಲಿ ಇನ್ನೂ ಹಾಗೆಯೇ ಉಳಿದಿದೆ.